ಕಾರಿನಲ್ಲಿ ಸೈಕಲ್ ಸಾಗಣೆ: ಕೊಡಗಿನ ರಸ್ತೆಗಳಿಗೆ ಯಾವ ವಿಧಾನ ಸೂಕ್ತ?

ಕೊಡಗು ಜಿಲ್ಲೆಯಲ್ಲಿ ರೈಲುಮಾರ್ಗವಿಲ್ಲ. ಇಲ್ಲಿಗೆ ಬರುವ ಪ್ರವಾಸಿಗರೆಲ್ಲರೂ ರಸ್ತೆಯನ್ನೇ ಅವಲಂಬಿಸಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಮೋಟಾರುರಹಿತ ವಾಹನಗಳಿಗೂ ಪ್ರವೇಶವಿಲ್ಲ. ಬೆಟ್ಟದ ದಾರಿಗಳಲ್ಲಿ ಸೈಕಲ್ ತುಳಿಯಬಯಸುವವರು ಅದನ್ನು ಕಾರಿನೊಡನೆ ತರುವುದು ಸಹಜ. ಕ್ಯಾರಿಯರ್ ಮಾರುವ ವರ್ತಕರು, ಅದನ್ನು ತಯಾರಿಸಬಲ್ಲ ವೆಲ್ಡಿಂಗ್ ಘಟಕಗಳು ಹಾಗೂ ಹೋಮ್‌ಸ್ಟೇ ಮಾಲೀಕರು ಈ ವಿಧಾನಗಳ ಗುಣದೋಷಗಳನ್ನು ಅರಿತಿರುವುದು ಅಗತ್ಯ.

ಕಾರಿನ ಒಳಗೆ

ಒಂದೇ ಸೈಕಲ್ ಇದ್ದಲ್ಲಿ ಇದೇ ಮೇಲು. ಮುಂದಿನ ಚಕ್ರವನ್ನು ಕಳಚಿ, ಹಿಂದಿನ ಸೀಟನ್ನು ಮಡಚಿ, ಗೇರಿನ ಭಾಗ ಮೇಲ್ಮುಖವಾಗಿರುವಂತೆ ಮಲಗಿಸಬೇಕು. ಹಠಾತ್ತನೆ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರದಂತೆ ಬಿಗಿಯುವುದು ಕಡ್ಡಾಯ. ಮಳೆ ಮತ್ತು ಕಳ್ಳತನದ ಭಯವಿಲ್ಲ. ಆದರೆ ಪ್ರಯಾಣಿಕರ ಸ್ಥಳ ಕಡಿಮೆಯಾಗುತ್ತದೆ.

ಛಾವಣಿಯ ಮೇಲೆ

ಹಿಂದಿನ ದೀಪ, ನೋಂದಣಿ ಫಲಕಗಳು ಮರೆಯಾಗದಿರುವುದು ಇದರ ಅನುಕೂಲ. ಭಾರದ ಮಿತಿಯನ್ನು ಕಾರಿನ ಕೈಪಿಡಿಯಲ್ಲಿ ನೋಡಬೇಕು. ಅಡ್ಡಪಟ್ಟಿ ಮತ್ತು ಕ್ಯಾರಿಯರ್‌ಗಳ ತೂಕವೂ ಅದರಲ್ಲಿ ಸೇರುತ್ತದೆ. ಉದಾಹರಣೆಗೆ ಮಿತಿ 50 ಕೆ.ಜಿ. ಎಂದಿಟ್ಟುಕೊಳ್ಳೋಣ. ಅಡ್ಡಪಟ್ಟಿಗೆ 5 ಕೆ.ಜಿ., ತಲಾ 4 ಕೆ.ಜಿ.ಯ ಎರಡು ಕ್ಯಾರಿಯರ್, ತಲಾ 15 ಕೆ.ಜಿ.ಯ ಎರಡು ಸೈಕಲ್ ಸೇರಿ 43 ಕೆ.ಜಿ. ಆಗುತ್ತದೆ. ಮೂರನೆಯ ಸೈಕಲಿಗೆ ಅವಕಾಶವಿಲ್ಲ. ಬ್ಯಾಟರಿ ಸೈಕಲ್‌ಗಳು ಸಾಮಾನ್ಯವಾಗಿ 20 ಕೆ.ಜಿ.ಗೂ ಮೀರುವುದರಿಂದ ಅವುಗಳಿಗೆ ಈ ವಿಧಾನ ಸೂಕ್ತವಲ್ಲ.

ಎತ್ತರವೂ ಗಮನಾರ್ಹ. 1.5 ಮೀಟರ್ ಎತ್ತರದ ಕಾರಿನ ಮೇಲೆ ಸೈಕಲನ್ನು ನಿಲ್ಲಿಸಿದರೆ ಒಟ್ಟು ಎತ್ತರ ಸುಮಾರು 2.7 ಮೀಟರ್ ಆಗುತ್ತದೆ. ಕಾಫಿ ತೋಟದ ದಾರಿಗೆ ಬಾಗಿದ ನೆರಳುಮರಗಳ ಕೊಂಬೆಗಳು, ವಸತಿಗೃಹಗಳ ಪೋರ್ಟಿಕೋಗಳು ಇದಕ್ಕೆ ಅಡ್ಡಿಯಾಗಬಲ್ಲವು. ಗಾಳಿಯ ತಡೆಯಿಂದ ಇಂಧನ ವೆಚ್ಚವೂ ಏರುತ್ತದೆ. ಘಾಟಿಯ ತಿರುವುಗಳಲ್ಲಿ ಮೇಲ್ಭಾರದಿಂದ ಕಾರು ವಾಲುವುದರಿಂದ ವೇಗವನ್ನು ತಗ್ಗಿಸಬೇಕು.

ಡಿಕ್ಕಿಯ ಹಿಂದೆ

ಪಟ್ಟಿಗಳಿಂದ ಡಿಕ್ಕಿಯ ಬಾಗಿಲಿಗೆ ಬಿಗಿಯುವ ಕ್ಯಾರಿಯರಿನ ಬೆಲೆ ಕಡಿಮೆ, ಏರಿಸಿ ಇಳಿಸುವುದೂ ಸುಲಭ. ಆದರೆ ಪ್ಲಾಸ್ಟಿಕ್ ಸ್ಪಾಯ್ಲರ್‌ಗೆ ಕೊಕ್ಕೆ ಸಿಕ್ಕಿಸಿದರೆ ಅದು ಮುರಿಯಬಹುದು. ಪಟ್ಟಿ ಸಡಿಲಗೊಂಡರೆ ಬಣ್ಣ ಕೆರೆದುಹೋಗುತ್ತದೆ. ಸೈಕಲಿನ ಉದ್ದ ಸುಮಾರು 1.75 ಮೀಟರ್, ಸಣ್ಣ ಕಾರಿನ ಅಗಲ ಸುಮಾರು 1.7 ಮೀಟರ್. ಆದ್ದರಿಂದ ಮುಂದಿನ ಚಕ್ರವನ್ನು ಕಳಚದಿದ್ದರೆ ಸೈಕಲ್ ಪಕ್ಕಕ್ಕೆ ಚಾಚಿ, ಕಿರಿದಾದ ರಸ್ತೆಯಲ್ಲಿ ಎದುರು ವಾಹನಕ್ಕೆ ತಗಲುವ ಅಪಾಯವಿದೆ.

ಎಲ್ಲಕ್ಕಿಂತ ಗಂಭೀರವಾದ ದೋಷವೆಂದರೆ ಹಿಂದಿನ ದೀಪಗಳೂ ನೋಂದಣಿ ಫಲಕವೂ ಮರೆಯಾಗುವುದು. ಮಡಿಕೇರಿ ಪರಿಸರದ ಮಂಜಿನಲ್ಲಿ, ಮುಂಗಾರಿನ ಮಳೆಯಲ್ಲಿ ಬ್ರೇಕ್ ದೀಪ ಕಾಣದಿದ್ದರೆ ಹಿಂದಿನ ವಾಹನ ಬಂದು ಅಪ್ಪಳಿಸುವ ಸಂಭವವಿದೆ. ಫಲಕ ಕಾಣದಿದ್ದರೆ ದಂಡವೂ ತಪ್ಪದು.

ಎಳೆಕೊಂಡಿಯ ಮೇಲೆ ನಿಲ್ಲಿಸುವ ಕ್ಯಾರಿಯರ್ ಹೆಚ್ಚು ದೃಢವಾದುದು. ಭಾರವಾದ ಸೈಕಲ್‌ಗಳಿಗೆ ಇದೇ ಯೋಗ್ಯ. ಆದರೆ ದೀಪ, ಫಲಕಗಳ ಸಮಸ್ಯೆ ಇಲ್ಲಿಯೂ ಉಂಟು. ಕೊಂಡಿಗೆ ಕಾರು ತಯಾರಕರ ಒಪ್ಪಿಗೆ ಇರಬೇಕು. ತೋಟದ ಏರುತಗ್ಗಿನ ದಾರಿಯಲ್ಲಿ ಹಿಂಭಾಗ ನೆಲಕ್ಕೆ ತಾಗದಂತೆಯೂ ಎಚ್ಚರ ವಹಿಸಬೇಕು.

ತಯಾರಕರು ಹಾಗೂ ಮಾರಾಟಗಾರರ ಗಮನಕ್ಕೆ

ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯು ವಾಹನದ ಮೂಲ ವಿನ್ಯಾಸದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಆದುದರಿಂದ ಕಾರಿಗೆ ಬೆಸುಗೆ ಹಾಕುವ ಬದಲು ಕಳಚಬಹುದಾದ ಕ್ಯಾರಿಯರ್ ತಯಾರಿಸುವುದೇ ವಿವೇಕ. ಸಂದೇಹವಿದ್ದಲ್ಲಿ ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಮಳೆನಾಡಿನ ತೇವಕ್ಕೆ ತುಕ್ಕು ಹಿಡಿಯದಂತೆ ಸತುಲೇಪಿತ ಕೊಳವೆ ಬಳಸುವುದು, ಕಾರಿಗೆ ತಾಗುವೆಡೆ ರಬ್ಬರ್ ಹಾಕುವುದು, ಗರಿಷ್ಠ ಭಾರವನ್ನು ಕ್ಯಾರಿಯರಿನ ಮೇಲೆಯೇ ಮುದ್ರಿಸುವುದು ಉತ್ತಮ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕರು ಹೊಣೆಗಾರರು. ಕೆಲವು ಸಂದರ್ಭಗಳಲ್ಲಿ ಮಾರಾಟಗಾರರೂ ಹೊಣೆ ಹೊರಬೇಕಾಗುತ್ತದೆ.

ಒಟ್ಟಿನಲ್ಲಿ, ಒಂದು ಸೈಕಲಿಗೆ ಕಾರಿನ ಒಳಭಾಗ, ಹಗುರವಾದ ಎರಡಕ್ಕೆ ಛಾವಣಿ, ಭಾರವಾದವುಗಳಿಗೆ ದೀಪ ಮತ್ತು ಫಲಕ ಮರೆಯಾಗದ ಎಳೆಕೊಂಡಿಯ ಕ್ಯಾರಿಯರ್ ಸೂಕ್ತ. ಅತಿಥಿಗಳಿಗಾಗಿ ಆರೆಂಟು ಸೈಕಲ್ ಸಾಗಿಸಬೇಕಾದ ಹೋಮ್‌ಸ್ಟೇಗಳಿಗೆ, ಸರಕು ಸಾಗಣೆಗೆ ನೋಂದಣಿಯಾದ ಪಿಕಪ್ ವಾಹನವೇ ಲಾಭಕರ. ಯಾವುದನ್ನೇ ಆರಿಸಿದರೂ, ಹೊರಟ ಕೆಲವು ಕಿಲೋಮೀಟರುಗಳ ಬಳಿಕ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯುವಂತೆ ಗ್ರಾಹಕರಿಗೆ ತಿಳಿಸುವುದು ವರ್ತಕರ ಕರ್ತವ್ಯ.