ವಿಭಕ್ತಿ ಪ್ರತ್ಯಯವೂ ಕಂಪ್ಯೂಟರ್ ಪ್ರೋಗ್ರಾಮೂ

ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಕಂಪ್ಯೂಟರ್ ಕಲಿಯುವ ಮಕ್ಕಳು ಬಹಳ. ಜಾವಾ, ಪೈಥಾನ್ ಎಂಬ ಹೆಸರುಗಳು ನಮ್ಮಂಥ ಗೃಹಿಣಿಯರ ಕಿವಿಗೂ ಬಿದ್ದಿವೆ. ಆದರೆ ಅದೇ ಮಕ್ಕಳು, ‘ಕನ್ನಡಕ್ಕೆ ಇಷ್ಟೊಂದು ವಿಭಕ್ತಿ ಪ್ರತ್ಯಯ ಯಾಕೆ?’ ಎಂದು ಕೇಳುವುದುಂಟು. ಯುವ ಮಿತ್ರರೇ, ಉತ್ತರ ನೀವು ಬರೆಯುವ ಪ್ರೋಗ್ರಾಮಿನಲ್ಲೇ ಇದೆ.

ಪ್ರೋಗ್ರಾಮಿನಲ್ಲಿ ಒಂದು ಗೊತ್ತಾದ ಕೆಲಸ ಮಾಡಿಕೊಡುವ ಭಾಗವೇ ಫಂಕ್ಷನ್. ಆ ಕೆಲಸಕ್ಕೆ ಬೇಕಾದ ವಿವರಗಳನ್ನು ಅದರ ಕೈಗೆ ಕೊಡುತ್ತೇವಲ್ಲ, ಅವು ಆರ್ಗ್ಯುಮೆಂಟ್‌ಗಳು. ಇಲ್ಲಿ ಆ ಪದಕ್ಕೆ ವಾದ, ಜಗಳ ಎಂಬ ಅರ್ಥವಿಲ್ಲ! ಲೋಕಲ್ ರೈಲಿನ ಟಿಕೆಟ್ ಕೊಡುವ ಫಂಕ್ಷನ್ ಒಂದಿದೆ ಎಂದುಕೊಳ್ಳಿ. ಸಿ, ಜಾವಾಗಳ ಪದ್ಧತಿಯಲ್ಲಿ ಅದನ್ನು ಹೀಗೆ ಕರೆಯಬೇಕು:

ಟಿಕೆಟ್("ದಾದರ್", "ಡೊಂಬಿವಲಿ")

ಮೊದಲನೆಯದು ಹೊರಡುವ ನಿಲ್ದಾಣ, ಎರಡನೆಯದು ಇಳಿಯುವ ನಿಲ್ದಾಣ. ಕುಳಿತ ಜಾಗವೇ ಅರ್ಥ ಹೇಳುತ್ತದೆ; ಜಾಗ ಅದಲುಬದಲಾದರೆ ಪ್ರಯಾಣವೂ ತಿರುಗುಮುರುಗು. ಸಿ ಭಾಷೆಯ ‘ಮೆಮ್‌ಸೆಟ್’ ಫಂಕ್ಷನ್ನಿಗೆ ಯಾವ ಸ್ಥಳ, ಯಾವ ಅಂಕಿ, ಎಷ್ಟು ಬೈಟ್ ಎಂದು ಮೂರು ವಿವರ ಕೊಡಬೇಕು. 100 ಬೈಟುಗಳಲ್ಲಿ ಸೊನ್ನೆ ತುಂಬಲು 0, 100 ಎಂದು ಬರೆಯುವ ಬದಲು 100, 0 ಎಂದು ಬರೆದರೆ ಭಾಷೆಯ ನಿಯಮ ಅದನ್ನು ತಡೆಯುವುದಿಲ್ಲ. ಆದರೆ ಒಂದು ಬೈಟೂ ತುಂಬುವುದಿಲ್ಲ!

ಇಂಗ್ಲಿಷಿನ ಸ್ವಭಾವವೂ ಇದೇ. ‘ಮದರ್ ಕಾಲ್ಡ್ ದ ಚೈಲ್ಡ್’ ಎಂಬಲ್ಲಿ ಎರಡು ಹೆಸರು ಜಾಗ ಬದಲಿಸಿದರೆ ಕರೆದವರೇ ಬೇರೆಯಾಗುತ್ತಾರೆ. ಕನ್ನಡದಲ್ಲಿ ‘ಅಮ್ಮ ಮಗುವನ್ನು ಕರೆದಳು’, ‘ಮಗುವನ್ನು ಅಮ್ಮ ಕರೆದಳು’—ಒತ್ತು ಬದಲಾದರೂ ಕರೆದವಳು ಅಮ್ಮನೇ. ‘ಅನ್ನು’ ಎಂಬ ಪ್ರತ್ಯಯ ಮಗುವಿನ ಜೊತೆಗೇ ಹೋಗುತ್ತದೆ.

ಪೈಥಾನಿನಲ್ಲಿ ಈ ಸೌಕರ್ಯವೂ ಇದೆ. ವಿವರಕ್ಕೆ ಹೆಸರು ಅಂಟಿಸಿ ಕೊಡಬಹುದು. 2008ರಲ್ಲಿ ಬಂದ ಅದರ 3ನೇ ಆವೃತ್ತಿಯಿಂದ ಆ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು:

ಟಿಕೆಟ್(ಗೆ="ಡೊಂಬಿವಲಿ", ಇಂದ="ದಾದರ್")

ಕ್ರಮ ಹೇಗಿದ್ದರೂ ಟಿಕೆಟ್ ಸರಿಯಾಗಿಯೇ ಬರುತ್ತದೆ. ಪಿಎಚ್‌ಪಿ ಭಾಷೆಗೆ ಈ ಅನುಕೂಲ ಬಂದದ್ದು 2020ರಲ್ಲಿ. ಕನ್ನಡಕ್ಕೋ? 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಗಳಿಗೆ ಸೂತ್ರ ಕಟ್ಟುವ ವೇಳೆಗೆ ಅವು ಜನರ ಬಾಯಲ್ಲಿ ಹಳತಾಗಿದ್ದವು. ನೆರೆಯ ಮರಾಠಿಯಲ್ಲೂ ಇಂಥ ಪ್ರತ್ಯಯಗಳಿವೆ. ಶಾಲೆಯಲ್ಲಿ ನೀವು ಕಲಿತೇ ಇರುತ್ತೀರಿ.

ಎಲ್ಲ ಕಡೆ ಪ್ರತ್ಯಯ ಬೇಕೇ ಬೇಕೆಂದಲ್ಲ. ‘ಪುಸ್ತಕ ಕೊಡು’ ಎಂದರೆ ಸಾಕು. ಪುಸ್ತಕ ತಾನಾಗಿ ಏನನ್ನೂ ಕೊಡಲಾರದು. ಆದರೆ ‘ಅಜ್ಜಿ ಮಾತ್ರೆ ಕೊಟ್ಟಾಯ್ತು’ ಎಂದು ಅವಸರದಲ್ಲಿ ಹೇಳಿ ಹೊರಟರೆ, ಮಾತ್ರೆ ಕೊಟ್ಟದ್ದು ಅಜ್ಜಿಯೋ, ಅಜ್ಜಿಗೋ? ಮನೆಯಲ್ಲಿದ್ದವರು ಇನ್ನೊಮ್ಮೆ ಕೊಟ್ಟರೆ ಅನಾಹುತ. ‘ಗೆ’ ಎಂಬ ಒಂದೇ ಅಕ್ಷರ ಆ ಗೊಂದಲವನ್ನು ತಪ್ಪಿಸುತ್ತದೆ.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಾತ್ರಕ್ಕೆ ಕನ್ನಡ ನಿಮಗೆ ದೂರವಲ್ಲ. ಪೈಥಾನಿನಲ್ಲಿ ಹೆಸರು ಹಚ್ಚಿ ಬರೆಯಲು ಬಲ್ಲವರಿಗೆ ವಿಭಕ್ತಿ ಕಷ್ಟವೇ? ಮನೆಯಲ್ಲಿ ಮಾತಾಡುವಾಗ ‘ಅನ್ನು’, ‘ಗೆ’, ‘ಇಂದ’ಗಳನ್ನು ನುಂಗದೆ ಆಡಿ ನೋಡಿ, ನಿಮ್ಮ ಮಾತು ಹಿರಿಯರಿಗೆ ಸರಿಯಾಗಿ ತಲುಪುತ್ತದೆ.