ಭಂಡಾರ ಹತ್ತಿದ ಅರಿವಿ

ಭರತ ಹುಣ್ಣಿಮೆಯ ಮರುದಿನ ಎಲ್ಲಮ್ಮನ ಗುಡ್ಡ ಇಳಿದು ಬರುವ ಗಾಡಿಗಳಿಗೆಲ್ಲ ಒಂದೇ ಬಣ್ಣ, ದೇವಿಯ ಭಂಡಾರದ ಅರಿಸಿನ ಬಣ್ಣ. ಬಾನೆಟ್ಟಿನ ಮೇಲೆ ಭಂಡಾರ, ಗಾಜಿನ ಅಂಚಿಗೆ ಭಂಡಾರ, ಬಾಗಿಲ ಹಿಡಿಕೆಯ ಸಂದಿಯಲ್ಲಿ ಭಂಡಾರ. ಅದರ ಮೇಲೆ ಕುಂಕುಮದ ಬೊಟ್ಟು, ಮತ್ತೆ ಅದರ ಮೇಲೆ ದಾರಿಯ ಧೂಳು. ಸವದತ್ತಿಯಿಂದ ಬೈಲಹೊಂಗಲದ ಕಡೆ ಹೊರಟರೆ ರಸ್ತೆಯ ಬದಿಗೆ ಒಂದು ವಾಟರ್ ಸರ್ವಿಸ್. ಆರು ಗಾಡಿ ಪಾಳಿ ಹಚ್ಚಿ ನಿಂತಿದ್ದವು. ನನ್ನದು ಏಳನೆಯದು.

ಕಾಯುತ್ತ ಶೆಡ್ಡಿನ ಹಿಂದೆ ಹೋದೆ. ಅಲ್ಲಿ ಎರಡು ಹಗ್ಗ. ತಗಡಿನ ನೆರಳಿನ ಹಗ್ಗದ ಮೇಲೆ ನೀಲಿ, ಹಸಿರು, ಬೂದು ಬಣ್ಣದ ಮೈಕ್ರೋಫೈಬರ್ ಅರಿವಿಗಳು. ಅಂಗಳದ ಬಿಸಿಲಿನ ಹಗ್ಗದ ಮೇಲೆ ಹಳದಿ ಕಲೆಯವು ಮಾತ್ರ. ಪಕ್ಕದಲ್ಲೇ ದೊಡ್ಡ ಬೇವಿನ ಗಿಡವಿದ್ದರೂ ಅದಕ್ಕೆ ಹಗ್ಗ ಕಟ್ಟಿಲ್ಲ. ಎಲೆ ಉದುರುವ ಕಾಲ. ಒಂದು ಒಣಕಡ್ಡಿ ಅರಿವಿಯಲ್ಲಿ ಸಿಕ್ಕರೂ ಅದು ಮುಂದಿನ ಗಾಡಿಯ ಮೈ ಗೀರುತ್ತದೆ.

ಕಲ್ಲಿನ ಮೇಲೆ ಕೂತು ಅರಿವಿ ಒಗೆಯುತ್ತಿದ್ದವರು ಮಾಲೀಕರೇ. ಗಾಡಿ ತೊಳೆಯಲು ಮೂವರು ಹುಡುಗರಿದ್ದಾರೆ, ಅರಿವಿ ಒಗೆಯುವುದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕೆಲಸ ಕಲಿತದ್ದು ಕಿತ್ತೂರಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಬದಿಗೆ. ಚನ್ನಮ್ಮನ ಉತ್ಸವ, ಆಯುಧ ಪೂಜೆ ಹತ್ತಿರ ಹತ್ತಿರ ಬಂದ ವರ್ಷ ಅಲ್ಲಿ ಕೈಗೆ ಬಿಡುವೇ ಇರುತ್ತಿರಲಿಲ್ಲವಂತೆ.

ಹಳದಿ ಅರಿವಿಗೆ ಸಾಬೂನು ತಾಗಿದ್ದೇ ತಡ, ಕೆಂಪಡರಿತು. ಹೊಸದಾಗಿ ಸೇರಿದ ಹುಡುಗ ಗಾಬರಿಯಾಗಿ ತನ್ನ ಬೆರಳು ನೋಡಿಕೊಂಡ. ಆರತಿ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಓಕುಳಿಯಾಗುತ್ತದಲ್ಲ, ಅದೇ ಗುಣ. ಕ್ಷಾರ ತಾಗಿದರೆ ಅರಿಸಿನ ಕೆಂಪು. ಜಾಲಾಡಿಸಿದರೆ ಮತ್ತೆ ಹಳದಿ. ನೀರಿನಲ್ಲಿ ಅದು ಕರಗುವುದಿಲ್ಲ, ಬಿಸಿಲಿಗೆ ಮಾತ್ರ ಸೋಲುತ್ತದೆ. ಅದಕ್ಕೇ ಆ ಎರಡನೆಯ ಹಗ್ಗ. ಉಳಿದವಕ್ಕೆ ನೆರಳೇ ಬೇಕು. ದಿನಗಟ್ಟಲೆ ಬಿಸಿಲುಂಡರೆ ನೈಲಾನ್ ಎಳೆ ಬಿರುಸಾಗುತ್ತದೆ.

ಆ ಎಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಪಾಲಿಯೆಸ್ಟರ್, ನೈಲಾನ್ ಕೂಡಿಸಿ ಎಳೆದು, ಸೀಳಿ ಮಾಡಿದ್ದು. 9000 ಮೀಟರ್ ಉದ್ದದ ಎಳೆಯನ್ನು ತಕ್ಕಡಿಗೆ ಹಾಕಿದರೂ 1 ಗ್ರಾಂ ತೂಗುವುದಿಲ್ಲ. ಆ ಸೀಳುಗಳಲ್ಲೇ ಧೂಳು ಕೂರುವುದು, ನೀರು ನಿಲ್ಲುವುದು. ಕುದಿಯುವ ನೀರಿಗೆ ಹಾಕಿದರೆ ಎಳೆಯ ಹದ ಕೆಡುತ್ತದೆ. ಬ್ಲೀಚು ಅದನ್ನು ತಿನ್ನುತ್ತದೆ. ಘಮಘಮಿಸುವ ಸಾಫ್ಟನರ್ ಹಾಕಿದರೆ ಸೀಳುಗಳಿಗೆ ಜಿಡ್ಡು ಮೆತ್ತಿ, ಅರಿವಿ ಮೆತ್ತಗಿದ್ದೂ ನೀರು ಹೀರುವುದಿಲ್ಲ. ಮಾಲೀಕರು ಹಾಕುವುದು ಉಗುರುಬೆಚ್ಚಗಿನ ನೀರು, ಸ್ವಲ್ಪವೇ ದ್ರವ ಸಾಬೂನು. ಬೋರಿನ ನೀರು ಗಡಸಾದ್ದರಿಂದ ಕೊನೆಯ ಜಾಲಾಟಕ್ಕೆ ಎರಡು ಚಮಚ ಬಿಳಿ ವಿನೆಗರ್.

ನನ್ನ ಹೆಗಲ ಮೇಲೆ ರಾಮದುರ್ಗದ ಮಗ್ಗದ ಟವೆಲ್ ಇತ್ತು. ಬೆವರೊರೆಸಿ ಅದನ್ನೂ ಬಕೀಟಿಗೆ ಅದ್ದಹೋದೆ. ಅವರು ಕೈ ಹಿಡಿದರು.

“ಬ್ಯಾಡ್ರಿ ಸರ. ಅದು ಮೈಗೆ, ಇದು ಗಾಡಿಗೆ. ಹತ್ತಿ ಜುಂಗು ಬಿಡತೈತಿ, ಇದು ಗಟ್ಟಿ ಹಿಡಕೋತೈತಿ. ಆಮ್ಯಾಗ ಗಾಜಿನ ಮ್ಯಾಲೆಲ್ಲಾ ಅದ.”

ಅಷ್ಟರಲ್ಲಿ ಹುಡುಗನ ಕೈಯಿಂದ ನೀಲಿ ಅರಿವಿ ನೆಲಕ್ಕೆ ಬಿತ್ತು. ಎತ್ತಿ, ಝಾಡಿಸಿ, ಬಾನೆಟ್ಟಿನ ಕಡೆ ನಡೆದ.

“ತಮ್ಮಾ, ನಿಲ್ಲು. ಅದು ಇವತ್ತಿಗೆ ಮುಗೀತು.”

“ಝಾಡಿಸೇನ್ರೀ ಅಣ್ಣಾರ.”

“ಎರಿ ಮಣ್ಣು ಝಾಡಿಸಿದ್ರ ಹೊಕ್ಕೈತೇನೋ? ಅನ್ನದಾಗ ಒಂದ ಹರಳು ಇದ್ದರೂ ಹಲ್ಲಿಗೆ ಸಿಗತೈತಿ.”

ಆ ಮಾತು ನನಗೇ ತಾಗಿತು. ನನ್ನ ಕರಿ ಕಾರು ಹೊಸದಾಗಿದ್ದಾಗ ಅಂಗಳಕ್ಕೆ ಬಿದ್ದ ಹಳೆಯ ಧೋತರದ ತುಂಡಿನಿಂದ ಪ್ರೀತಿಯಿಂದ ಉಜ್ಜಿದ್ದೆ. ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೆರೆಗಳು. ಇವತ್ತಿಗೂ ಸೂರ್ಯ ನೆತ್ತಿಗೆ ಬಂದರೆ ಅವು ಕಾಣುತ್ತವೆ, ಕಂಡಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಿದ್ದ ಅರಿವಿಯನ್ನು ಎಸೆಯಲಿಲ್ಲ. ಬೇರೆ ಬಕೀಟಿಗೆ ಹೋಯಿತು. ಮಾಲೀಕರು ಅದರ ಒಂದು ಮೂಲೆಯನ್ನು ಕತ್ತರಿಯಿಂದ ಚೂರು ಕತ್ತರಿಸಿದರು. ಇನ್ನು ಅದು ಬಾಗಿಲ ಕೆಳಗಿನ ಅಂಚಿಗೆ. ಎರಡನೆಯ ಮೂಲೆ ಹೋದರೆ ಗಾಲಿಗೆ, ಮೂರನೆಯದು ಹೋದರೆ ಎಂಜಿನ್ನಿನ ಜಿಡ್ಡಿಗೆ. ಓದಬೇಕಿಲ್ಲ, ಕತ್ತಲಲ್ಲೂ ಕೈಗೆ ಗೊತ್ತಾಗುವ ಗುರುತು. ಇಷ್ಟು ಚೆಂದದ ಲೆಕ್ಕವನ್ನು ನಾನು ಬೇರೆಲ್ಲೂ ನೋಡಿಲ್ಲ.

ನನ್ನ ಪಾಳಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಹುಡುಗ ಮೊದಲು ನೀರು ಹಾಯಿಸಿ ಭಂಡಾರವೆಲ್ಲ ಹರಿದು ಹೋಗುವವರೆಗೆ ಕಾದ. ಆಮೇಲೆ ಹೊಸ ನೀಲಿ ಅರಿವಿಯನ್ನು ಎರಡೂ ಕೈಯಲ್ಲಿ ಹರವಿ ಬಾನೆಟ್ಟಿನ ಮೇಲೆ ಹೊದಿಸಿದ, ಉಜ್ಜದೆ ಮೆಲ್ಲಗೆ ತನ್ನತ್ತ ಎಳೆದುಕೊಂಡ. ಅಂಗಳದಲ್ಲಿ ಮಾಲೀಕರು ಬಿಸಿಲಿನ ಹಗ್ಗದಿಂದ ಒಂದೊಂದೇ ಇಳಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದರಲ್ಲಿ ಹಳದಿ ಇನ್ನೂ ಉಳಿದಿತ್ತು. ಅದನ್ನು ಮಡಚಿ ನಾಳೆಯ ಬಿಸಿಲಿಗೆಂದು ಬೇರೆ ಇಟ್ಟು, ಉಳಿದವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ರಸ್ತೆಯಲ್ಲಿ ಗುಡ್ಡದ ಕಡೆಯಿಂದ ಮತ್ತೊಂದು ಹಳದಿ ಗಾಡಿ ಬಂದು ಪಾಳಿಗೆ ನಿಂತಿತು. ಒಳಗಿನಿಂದ ಇನ್ನೂ “ಉಧೋ ಉಧೋ” ಕೇಳುತ್ತಿತ್ತು.