ನವೆಂಬರ್ ಮಾಸ, ನಿವೃತ್ತರು ಮತ್ತು ಮುಖ ಗುರುತಿಸುವ ಯಂತ್ರ

ಕೇಂದ್ರ ಸರ್ಕಾರದ ಸೇವೆಯನ್ನರಸಿ ದೆಹಲಿಗೆ ಬಂದ ಅನೇಕ ಕನ್ನಡ ಕುಟುಂಬಗಳಿಗೆ ಸರೋಜಿನಿ ನಗರದ ಕ್ವಾರ್ಟರ್ಸುಗಳೇ ಮೊದಲ ಆಶ್ರಯ. 2016ರಲ್ಲಿ ಕೇಂದ್ರ ಸಚಿವ ಸಂಪುಟವು ಏಳು ಸರ್ಕಾರಿ ಬಡಾವಣೆಗಳ ಪುನರ್ನಿರ್ಮಾಣಕ್ಕೆ ಸಮ್ಮತಿಯಿತ್ತ ತರುವಾಯ ಆ ಹಳೆಯ ಮನೆಗಳು ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಟ್ಟವು. ಅಲ್ಲಿ ಬಾಳಿದವರಲ್ಲಿ ಕೆಲವರು ರಾಜಧಾನಿಯಲ್ಲೇ ಉಳಿದರೆ, ಮತ್ತೆ ಕೆಲವರು ತಾಯ್ನಾಡಿಗೆ ಮರಳಿದ್ದಾರೆ. ಎಲ್ಲಿದ್ದರೇನು, ನವೆಂಬರ್ ಬಂತೆಂದರೆ ಇವರೆಲ್ಲರೂ ತಾವು ಬದುಕಿರುವುದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಜೀವಿತ ಪ್ರಮಾಣಪತ್ರ ಸಲ್ಲದಿದ್ದರೆ ಪಿಂಚಣಿ ತಡೆಹಿಡಿಯಲ್ಪಡುತ್ತದೆ. ಸಲ್ಲಿಸಿದ ಮೇಲೆ ಬಾಕಿಯೊಡನೆ ದೊರೆಯುತ್ತದೆಯಾದರೂ, ಔಷಧಿಯ ಖರ್ಚು ಅಲ್ಲಿಯವರೆಗೆ ಕಾಯುವುದಿಲ್ಲ.

ಬೆರಳಿನಿಂದ ಮುಖಕ್ಕೆ

2014ರ ನವೆಂಬರಿನಲ್ಲಿ 'ಜೀವನ್ ಪ್ರಮಾಣ್' ಯೋಜನೆ ಆರಂಭವಾಯಿತು. ಬೆರಳಚ್ಚು ಅಥವಾ ಕಣ್ಪಾಪೆಯ ಗುರುತಿನಿಂದ ಪ್ರಮಾಣಪತ್ರ ಪಡೆಯುವ ಏರ್ಪಾಡು ಅದು. ಆದರೆ ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುತ್ತವೆ. ಜೀವಮಾನವಿಡೀ ದುಡಿದ ಕೈಯನ್ನೇ ಯಂತ್ರ ಗುರುತಿಸದ ಪ್ರಸಂಗಗಳು ವಿರಳವಲ್ಲ. ಈ ಕೊರತೆಯನ್ನು ನೀಗಲು 2021ರ ನವೆಂಬರಿನಲ್ಲಿ ಮುಖದ ಮೂಲಕ ಗುರುತಿಸುವ ಪದ್ಧತಿ ಬಂದಿತು. ಮೊಬೈಲ್ ಫೋನಿನ ಕ್ಯಾಮೆರಾ ಮುಖವನ್ನು ಸೆರೆಹಿಡಿಯುತ್ತದೆ. ಕೃತಕ ಬುದ್ಧಿಮತ್ತೆಯು ಅದನ್ನು ಆಧಾರ್ ದಾಖಲೆಯ ಚಿತ್ರದೊಡನೆ ಹೋಲಿಸುತ್ತದೆ. ಎದುರಿಗಿರುವುದು ಬರಿಯ ಭಾವಚಿತ್ರವಲ್ಲ, ಜೀವಂತ ವ್ಯಕ್ತಿಯೆಂದು ಖಚಿತಪಡಿಸಿಕೊಳ್ಳಲು ಕಣ್ಣು ಮಿಟುಕಿಸುವಂತೆ ಕೇಳುತ್ತದೆ. ಧಾರವಾಡದ ಜಗುಲಿಯಲ್ಲಿ ಕುಳಿತೇ ದೆಹಲಿಯ ಬ್ಯಾಂಕಿಗೆ ಪ್ರಮಾಣಪತ್ರ ತಲುಪಿಸಬಹುದು. ಇದರ ಪ್ರಚಾರಕ್ಕಾಗಿ 2022ರಲ್ಲಿ 37 ನಗರಗಳಲ್ಲಿ ನಡೆದ ಅಭಿಯಾನವು 2023ರಲ್ಲಿ 100, 2024ರಲ್ಲಿ 800 ನಗರ ಪಟ್ಟಣಗಳಿಗೆ ವಿಸ್ತರಿಸಿತು.

ಆರೋಗ್ಯದ ದೃಷ್ಟಿಯಿಂದ

ಹಾಸಿಗೆ ಹಿಡಿದವರಿಗೂ ಮಂಡಿನೋವಿನಿಂದ ಬಳಲುವವರಿಗೂ ಸರತಿಯಲ್ಲಿ ನಿಲ್ಲುವ ಕಷ್ಟ ತಪ್ಪಿದ್ದು ದೊಡ್ಡ ಉಪಕಾರವೇ ಸರಿ. ಆದರೂ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಕಟ್ಟಿಕೊಂಡವರು, ಪಾರ್ಶ್ವವಾಯುವಿನಿಂದ ಮುಖದ ಸ್ನಾಯುಗಳು ಸೋತವರು, ರೆಪ್ಪೆ ಮಿಟುಕಿಸುವುದೇ ಕಡಿಮೆಯಾಗುವ ಕಂಪವಾತದ ರೋಗಿಗಳು ಯಂತ್ರದ ಮುಂದೆ ತೊಡಕಿಗೆ ಸಿಲುಕಬಹುದು. ಒಳ್ಳೆಯ ಬೆಳಕಿನಲ್ಲಿ, ಕನ್ನಡಕ ತೆಗೆದು, ನಿಧಾನವಾಗಿ ಮತ್ತೊಮ್ಮೆ ಪ್ರಯತ್ನಿಸುವುದು ಲೇಸು. ಎಂಬತ್ತು ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದಾದ್ದರಿಂದ ಕೊನೆಯ ದಿನದವರೆಗೆ ಕಾಯಬೇಕಿಲ್ಲ.

ಯಂತ್ರ ಒಲ್ಲೆನೆಂದ ಮಾತ್ರಕ್ಕೆ ಮನುಷ್ಯನ ಹಕ್ಕು ಅಳಿಯುವುದಿಲ್ಲವೆಂಬುದನ್ನು ಮನೆಯವರು ಅರಿತಿರಬೇಕು. ಬ್ಯಾಂಕಿಗೆ ಖುದ್ದಾಗಿ ಹೋಗಿ ಸಹಿ ಮಾಡುವ ಹಳೆಯ ಪದ್ಧತಿ ಇನ್ನೂ ಊರ್ಜಿತವಾಗಿದೆ. ನಡೆಯಲಾರದವರ ಮನೆಬಾಗಿಲಿಗೆ ಬರುವ ಸೇವೆಯನ್ನು ಬ್ಯಾಂಕುಗಳೂ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕೂ ಒದಗಿಸುತ್ತವೆ. ಯಾವ ಸರ್ಕಾರಿ ಸೇವೆಯಲ್ಲೇ ಆಗಲಿ, ಯಂತ್ರದ 'ಇಲ್ಲ' ಎಂಬ ಉತ್ತರವನ್ನು ಪುನಃ ಪರಿಶೀಲಿಸುವ ಅಧಿಕಾರಿಯೊಬ್ಬನಿದ್ದರೆ ಮಾತ್ರ ನಾಗರಿಕನು ಅದನ್ನು ನಂಬಬಲ್ಲನು.

ಎಚ್ಚರಿಕೆಯ ಮಾತು

ಈ ದಿನಗಳಲ್ಲೇ ವಂಚಕರ ಕರೆಗಳೂ ಬರುವುದುಂಟು. 'ಪ್ರಮಾಣಪತ್ರ ನವೀಕರಿಸುತ್ತೇವೆ, ಓಟಿಪಿ ತಿಳಿಸಿ' ಎನ್ನುವವರಿಗೆ ಏನನ್ನೂ ಹೇಳಕೂಡದು; ಯಾವ ಬ್ಯಾಂಕೂ ಹಾಗೆ ಕೇಳುವುದಿಲ್ಲ. ಅಪರಿಚಿತರ ಫೋನಿಗೆ ಮುಖವೊಡ್ಡುವುದೂ ಸಲ್ಲದು. ಗುಪ್ತಸಂಖ್ಯೆ ಸೋರಿದರೆ ಬದಲಾಯಿಸಬಹುದು, ಮುಖವನ್ನು ಬದಲಾಯಿಸಲಾಗದು.

ನೆರೆಯ ಹಿರಿಯರೊಬ್ಬರಿಗೆ ನವೆಂಬರಿನಲ್ಲಿ ಒಂದರ್ಧ ಗಂಟೆ ಮೀಸಲಿಟ್ಟು ಈ ಕೆಲಸದಲ್ಲಿ ನೆರವಾಗುವುದು ಕಿರಿಯರಿಗೆ ಕಠಿಣವೇನಲ್ಲ. ರಾಜ್ಯೋತ್ಸವದ ಮಾಸದಲ್ಲಿ ಇದಕ್ಕಿಂತ ಮಿಗಿಲಾದ ಸೇವೆ ಇನ್ನಾವುದಿದ್ದೀತು?